ಕೆರೆಗೆ ವಿದೇಶಿ ಅನುದಾನ ಕೊಡಿಸುತ್ತೇನೆ ಎಂದು ಬರುವವನಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ

ಮೀನುಗಾರರ ಸಹಕಾರ ಸಂಘಗಳವರು, ಕೆರೆ ಸಮಿತಿಯವರು ದಯವಿಟ್ಟು ಓದಿ. ಕೆರೆಯ ಪುನಶ್ಚೇತನಕ್ಕೆ ವಿದೇಶಿ ಪ್ರತಿಷ್ಠಾನವೊಂದರಿಂದ 40 ಲಕ್ಷ ರೂಪಾಯಿ ಅನುದಾನ ಕೊಡಿಸುತ್ತೇನೆ ಎಂದು ಬಂದ ‘ಸಲಹೆಗಾರ’ನೊಬ್ಬ ನಮ್ಮ ಸಂಘದ 65,000 ರೂಪಾಯಿಯನ್ನು ನುಂಗಿದ್ದಾನೆ. ಮೀನುಮರಿ ಖರೀದಿಗೆಂದು ಇಟ್ಟಿದ್ದ ಹಣ ಅದು.

ನಮ್ಮ ಕೆರೆಯಲ್ಲಿ ಅರ್ಧ ಹೂಳು, ಉಳಿದರ್ಧ ಅಂತರಗಂಗೆ ಕಳೆ. ನಾಡಮೀನುಗಳು ಮೊಟ್ಟೆಯಿಡುತ್ತಿದ್ದ ಜೊಂಡಿನ ಅಂಚು ಒತ್ತುವರಿಯಾಗಿದೆ. ಕಟ್ಲಾ, ರೋಹು ಮೀನಿನ ಮರಿಗಳನ್ನು ತಂದು ಬಿಟ್ಟರೂ ಹಾಕಿದ ಹಣ ಹುಟ್ಟುವುದಿಲ್ಲ. ಇದನ್ನೆಲ್ಲ ಆತ ನಮಗಿಂತ ಚೆನ್ನಾಗಿ ವಿವರಿಸಿದ. ಹಾಗೆ ಮಾತನಾಡುವವನನ್ನು ಯಾರು ನಂಬುವುದಿಲ್ಲ ಹೇಳಿ?

ಮೊದಲು ಯೋಜನಾ ವರದಿಗೆ 25,000. ಇರಲಿ, ವರದಿ ಬರೆಯುವವರು ಹಣ ಕೇಳುವುದು ಇದ್ದದ್ದೇ. ಆಮೇಲೆ ‘ಪರಿಶೀಲನಾ ಶುಲ್ಕ’ ಎಂದು 40,000. ಅನುದಾನ ಮಂಜೂರಾದ ಕೂಡಲೇ ಅದು ವಾಪಸ್ ಬರುತ್ತದಂತೆ. ರಸೀದಿ ಕೇಳಿದರೆ, “ಮಂಜೂರಾತಿ ಪತ್ರದ ಜೊತೆಗೇ ಬರುತ್ತದೆ ಸರ್, ಅವಸರ ಮಾಡಬೇಡಿ” ಎಂದ.

ವರದಿ ಬಂತು. ಹೊಳೆಯುವ ರಕ್ಷಾಪುಟ, ಅದರ ಮೇಲೆ ನಮ್ಮದೇ ಕೆರೆಯ ಚಿತ್ರ. ಸಭೆಯಲ್ಲಿ ನಾನೇ ಓದಲು ನಿಂತೆ. ನಡುವಿನ ಒಂದು ಪುಟದಲ್ಲಿ ಹೀಗಿತ್ತು: ಉಬ್ಬರವಿಳಿತದ ಸಮಯ ನೋಡಿಕೊಂಡು ದಡದುದ್ದಕ್ಕೂ ಕಾಂಡ್ಲಾ (ಕರಾವಳಿಯ ಉಪ್ಪುನೀರಿನಲ್ಲಿ ಬೆಳೆಯುವ ಗಿಡ) ಸಸಿ ನೆಡುವುದು. ಉಬ್ಬರವಿಳಿತ! ಬಯಲುಸೀಮೆಯ ಕೆರೆಗೆ! ಮುಂದಿನ ಪುಟದಲ್ಲಿ, ಸಮುದ್ರದಲ್ಲಿ ಮೀನುಗಳ ಆಸರೆಗೆ ಹಾಕುವ ಕೃತಕ ಬಂಡೆಸಾಲು ಇಳಿಸಲು ದೋಣಿ ಬಾಡಿಗೆಯ ಲೆಕ್ಕವೂ ಇತ್ತು. ಅಘನಾಶಿನಿಯಂತಹ ನದಿ ಸಮುದ್ರ ಸೇರುವ ಅಳಿವೆಯಲ್ಲಿ ಕಾಂಡ್ಲಾ ನೆಟ್ಟರೆ ಅರ್ಥವಿದೆ, ಅಲ್ಲಿ ಸಿಗಡಿ, ಮೀನುಮರಿಗಳು ಅದರ ಬೇರುಗಳ ನಡುವೆಯೇ ಬೆಳೆಯುತ್ತವೆ. ನಮ್ಮ ಕೆರೆಗೆ? ಯಾವುದೋ ಕರಾವಳಿಯ ವರದಿಯಲ್ಲಿ ಹೆಸರು ಬದಲಿಸಿ ನಮಗೆ ಮಾರಿದ್ದ. ಸದಸ್ಯರೆಲ್ಲ ನನ್ನ ಮುಖ ನೋಡುತ್ತಿದ್ದರು. ತಲೆ ಎತ್ತಲಾಗಲಿಲ್ಲ.

ಫೋನ್ ಮಾಡಿದರೆ ಸಿಕ್ಕ ಉತ್ತರ: “ಅನುದಾನ ಕೊಡುವವರು ಪುಟ ಎಣಿಸುತ್ತಾರೆ ಸರ್, ಓದುವುದಿಲ್ಲ.”

ಮಂಜೂರಾಗಿದೆ ಎನ್ನುವ ಹಣದ ಕಥೆ ಇನ್ನೂ ಚೆಂದ. ಅದು ಆತನ ಟ್ರಸ್ಟ್‌ನ ಖಾತೆಗೆ, ಇಲ್ಲೇ ಜಿಲ್ಲಾ ಕೇಂದ್ರದ ಶಾಖೆಗೆ ಬಂದಿದೆಯಂತೆ, ಅಲ್ಲಿಂದ ನಮಗೆ ವರ್ಗವಾಗುತ್ತದಂತೆ. ನಮ್ಮ ಲೆಕ್ಕ ಪರಿಶೋಧಕರು ಕೇಳಿ ನಕ್ಕುಬಿಟ್ಟರು. ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಗೆ 2020ರಲ್ಲಿ ತಿದ್ದುಪಡಿಯಾದ ಮೇಲೆ ಅಂತಹ ಹಣ ಮೊದಲು ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಪಡೆದ ಸಂಸ್ಥೆ ಅದನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತೆಯೂ ಇಲ್ಲ. ಅಂದರೆ ಆತ ಹೇಳಿದ ದಾರಿಯೇ ಇಲ್ಲ!

ಇದನ್ನು ಬರೆದು ಕಳುಹಿಸಿದೆ. “ನನಗೆ ಕಾನೂನು ಹೇಳಿಕೊಡಬೇಡಿ. ನಿಮ್ಮಂತಹವರಿಂದಲೇ ಕೆರೆಗಳು ಈ ಗತಿಗೆ ಬಂದಿರುವುದು” ಎಂದು ಬರೆದ. ನಮ್ಮ ಹಣ ನುಂಗಿ ನಮಗೇ ಬುದ್ಧಿವಾದ! ಅಲ್ಲಿಗೆ ಫೋನ್ ಬಂದ್.

ಕೇಂದ್ರ ಸರ್ಕಾರದ ಮತ್ಸ್ಯ ಸಂಪದ ಯೋಜನೆಯ ಹೆಸರು ಹೇಳಿಕೊಂಡೂ ಇಂಥವರು ಬರುತ್ತಾರೆ, ಪೂರ್ತಿ ಹಣ ಉಚಿತ ಎನ್ನುತ್ತಾರೆ. ಅದರಲ್ಲಿ ಫಲಾನುಭವಿಗಳ ಘಟಕಗಳಿಗೆ ಸಿಗುವ ಸಹಾಯಧನ ಸಾಮಾನ್ಯ ವರ್ಗಕ್ಕೆ ಘಟಕ ವೆಚ್ಚದ ಶೇ 40, ಪರಿಶಿಷ್ಟರಿಗೆ ಮತ್ತು ಮಹಿಳೆಯರಿಗೆ ಶೇ 60. ಮೀನುಗಾರಿಕೆ ಇಲಾಖೆಯ ಕಚೇರಿಗೆ ನೀವೇ ಹೋಗಿ ಕೇಳಿ, ಮಧ್ಯೆ ಯಾರೂ ಬೇಡ. ಅನುದಾನ ಬರುವ ಮೊದಲೇ ಶುಲ್ಕ ಕೇಳಿದರೆ ಎದ್ದು ಬನ್ನಿ. ವರದಿಯನ್ನು ಪೂರ್ತಿ ಓದದೆ ಹಣ ಕೊಡಬೇಡಿ. ಮೊಬೈಲ್‌ನಲ್ಲಿ ಹಣ ಕಳುಹಿಸಿ ಮೋಸಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ನಾವು ಪೊಲೀಸರಿಗೆ ದೂರು ಕೊಟ್ಟಿದ್ದೇವೆ. ಆತ ಈಗ ಪಕ್ಕದ ತಾಲ್ಲೂಕಿನ ಸಂಘಗಳನ್ನು ಸುತ್ತುತ್ತಿದ್ದಾನೆ ಎಂದು ಕೇಳಿದೆ. ಅಲ್ಲಿಯವರು ಯಾರಾದರೂ ಇದನ್ನು ಓದುತ್ತಿದ್ದರೆ, ಕಾಂಡ್ಲಾ ನೆಡುವ ವರದಿ ನಿಮ್ಮ ಕೈಗೂ ಬಂದಿದ್ದರೆ ತಿಳಿಸಿ, ಎರಡನ್ನೂ ಒಟ್ಟಿಗೆ ಠಾಣೆಗೆ ಕೊಡೋಣ.