ಗುಜರಿ ಕಲಾಕೃತಿ: ಅಂಟೋ, ತಂತಿಯೋ?

ಹಲಗೆಯ ಮೇಲೆ ಗುಜರಿ ಸಾಮಾನು ಜೋಡಿಸುವಾಗ ಯಾವುದು ಬೇಕೆಂದು ಆ ಸಾಮಾನೇ ಹೇಳುತ್ತದೆ.

ಗಾಜು, ಪಿಂಗಾಣಿ ಚೂರು, ಗಡಿಯಾರದ ಹಲ್ಲುಚಕ್ರಗಳಿಗೆ ಎರಡು ಟ್ಯೂಬಿನ ಅರಾಲ್ಡೈಟ್ ಅಂಟು ಸರಿ: ಸಮಪಾಲು ಕಲಸಿ ಹಚ್ಚಿ, ಒಂದು ದಿನ ಅಲುಗಿಸಬೇಡಿ. ಫೆವಿಕಾಲ್ ಮರ, ಕಾಗದ, ಬಟ್ಟೆಗಷ್ಟೇ. ಲೋಹ, ಗಾಜಿನ ನಡುವೆ ಅದರ ನೀರು ಆರಲು ದಾರಿಯಿಲ್ಲ. ತುಕ್ಕಿನ ಮೇಲೆ ಅಂಟಿಸಿದರೆ ಕೈಕೊಡುವುದು ಅಂಟಲ್ಲ, ತುಕ್ಕಿನ ಪದರವೇ ಕಿತ್ತು ಬರುತ್ತದೆ. ಅಂಟುವ ಜಾಗವನ್ನಷ್ಟೇ 80 ನಂಬರಿನ ಉಪ್ಪುಕಾಗದದಲ್ಲಿ ಉಜ್ಜಿ, ಥಿನ್ನರ್‌ನಿಂದ ಒರೆಸಿ. ಉಳಿದ ತುಕ್ಕು ಇರಲಿ, ಅಂದವೇ ಅದರಲ್ಲಿದೆ.

ಪ್ಲಾಸ್ಟಿಕ್ ಬಾಟಲಿ ಮುಚ್ಚಳಕ್ಕೆ ಮಾಮೂಲಿ ಅಂಟು ನಿಲ್ಲದು: 2 ಮಿ.ಮೀ. ತೂತು ಕೊರೆದು, ಬೈಂಡಿಂಗ್ ತಂತಿ ಪೋಣಿಸಿ, ಹಲಗೆಯ ಹಿಂದೆ ತಿರುಚಿ. ಬೀಗ, ಸೈಕಲ್ ಚೈನಿನಂಥ ಭಾರಕ್ಕೂ ತಂತಿಯೇ. ಆಮೇಲೆ ಜಾಗ ಬದಲಿಸುವ ಮನಸ್ಸಾದರೆ ಕತ್ತರಿಸಿದರಾಯಿತು. ಅರಾಲ್ಡೈಟ್ ಆ ಅವಕಾಶ ಕೊಡುವುದಿಲ್ಲ.