ಎಸ್‌ಎಸ್‌ಡಿ ಹಾಕಿಸುವಾಗ ಹಳೆ ಹಾರ್ಡ್ ಡಿಸ್ಕ್ ಬಿಚ್ಚಿಡಿಸಿ

ಲ್ಯಾಪ್‌ಟಾಪ್‌ಗೆ ಎಸ್‌ಎಸ್‌ಡಿ (ಹಾರ್ಡ್ ಡಿಸ್ಕಿನ ಬದಲು ಬಳಸುವ, ಅದಕ್ಕಿಂತ ಬಹಳ ವೇಗದ ಸ್ಟೋರೇಜ್) ಹಾಕಿಸಿ, ಹಳೆ ಹಾರ್ಡ್ ಡಿಸ್ಕನ್ನೂ ಅದರೊಳಗೇ ಉಳಿಸಿಕೊಂಡಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಎಸ್‌ಎಸ್‌ಡಿಗೆ ಏನೂ ಆಗದಿದ್ದರೂ ಲ್ಯಾಪ್‌ಟಾಪ್ ಆನ್ ಆಗದೇ ಕೂರಬಹುದು, ಅದೇ ದಿನ ಫೋಟೋಗಳೂ ಕೈಬಿಟ್ಟು ಹೋಗಬಹುದು. ನಮ್ಮಕ್ಕನಿಗೆ ಎರಡೂ ಒಟ್ಟಿಗೇ ಆಯಿತು.

ಅವಳ ಲ್ಯಾಪ್‌ಟಾಪ್‌ನಲ್ಲಿದ್ದದ್ದು 5400 ಆರ್‌ಪಿಎಂನ 1 ಟಿಬಿ ಹಾರ್ಡ್ ಡಿಸ್ಕ್. ಟಾಸ್ಕ್ ಮ್ಯಾನೇಜರ್ ತೆರೆದರೆ ಡಿಸ್ಕ್ ಯಾವಾಗಲೂ 100%, ಒಂದು ಫೋಲ್ಡರ್ ತೆರೆಯಲೂ ಕಾಯಬೇಕಿತ್ತು. ಸರ್ವಿಸ್‌ನವರಿಗೆ ಕೊಟ್ಟಳು. ಅವರು ಹಾರ್ಡ್ ಡಿಸ್ಕ್ ಇದ್ದ ಜಾಗದಲ್ಲಿ ಎಸ್‌ಎಸ್‌ಡಿ ಕೂರಿಸಿ, ಡಿವಿಡಿ ಡ್ರೈವ್ ತೆಗೆದು, ಅಲ್ಲಿಗೆ ಕ್ಯಾಡಿ, ಅಂದರೆ ಡಿಸ್ಕ್ ಕೂರಿಸುವ ಚೌಕಟ್ಟು, ಹಾಕಿ ಹಳೆ ಡಿಸ್ಕ್ ಸೇರಿಸಿದರು. ಕ್ಯಾಡಿ 9.5 ಮಿ.ಮೀ., 12.7 ಮಿ.ಮೀ. ಎಂದು ಎರಡು ದಪ್ಪದಲ್ಲಿ ಬರುತ್ತದೆ. ಅದನ್ನೂ ಅಳೆದು ಸರಿಯಾದದ್ದನ್ನೇ ತಂದಿದ್ದರು. ಇಲ್ಲಿಯವರೆಗೆ ಕೆಲಸ ಅಚ್ಚುಕಟ್ಟು. ಆಮೇಲೆ ವಿಂಡೋಸನ್ನು ಹೊಸದಾಗಿ ಹಾಕಿದರು, ಎರಡೂ ಡಿಸ್ಕ್ ಜೋಡಿಸಿಟ್ಟುಕೊಂಡೇ ಹಾಕಿದರು. ಎಡವಟ್ಟಾದದ್ದು ಅಲ್ಲಿ.

ಲ್ಯಾಪ್‌ಟಾಪ್ ಆನ್ ಮಾಡಿದ ತಕ್ಷಣ ಅದು ಸಿ ಡ್ರೈವ್ ಹುಡುಕುವುದಿಲ್ಲ. ಮೊದಲು ಹುಡುಕುವುದು ಇಎಫ್‌ಐ ಎಂಬ ಸಣ್ಣ ಪಾರ್ಟಿಷನ್ನನ್ನು, ಅಂದರೆ ಡಿಸ್ಕಿನಲ್ಲಿ ಬೇರೆ ಮಾಡಿಟ್ಟ ಒಂದು ಭಾಗವನ್ನು. 100 ಎಂಬಿಯಷ್ಟಿರುವ ಅದರೊಳಗೆ ಬೂಟ್ ಮಾಡಿಸುವ, ಅಂದರೆ ವಿಂಡೋಸನ್ನು ಶುರು ಮಾಡಿಸುವ, ಫೈಲ್‌ಗಳು ಇರುತ್ತವೆ, ವಿಂಡೋಸ್ ಎಲ್ಲಿದೆ ಎಂದು ತೋರಿಸುವುದು ಅವೇ. ಹೊಸದಾಗಿ ವಿಂಡೋಸ್ ಹಾಕುವಾಗ ಇನ್ನೊಂದು ಡಿಸ್ಕಿನಲ್ಲಿ ಆಗಲೇ ಇಎಫ್‌ಐ ಪಾರ್ಟಿಷನ್ ಕಂಡರೆ ಇನ್‌ಸ್ಟಾಲರ್ ಸಾಮಾನ್ಯವಾಗಿ ಅದನ್ನೇ ಬಳಸಿಕೊಳ್ಳುತ್ತದೆ, ಎಸ್‌ಎಸ್‌ಡಿಯಲ್ಲಿ ಬೇರೆ ಮಾಡುವುದಿಲ್ಲ. ವಿಂಡೋಸ್ ಎಸ್‌ಎಸ್‌ಡಿಯಲ್ಲಿ, ಅದನ್ನು ಎಬ್ಬಿಸುವ ಫೈಲ್‌ಗಳು ಹಳೆ ಹಾರ್ಡ್ ಡಿಸ್ಕಿನಲ್ಲಿ. ಬಳಸುವವರಿಗೆ ಇದು ಗೊತ್ತೇ ಆಗುವುದಿಲ್ಲ, ಏಕೆಂದರೆ ಎಲ್ಲವೂ ಸೊಗಸಾಗಿ, ವೇಗವಾಗಿ ನಡೆಯುತ್ತಿರುತ್ತದೆ.

ಅಕ್ಕನ ಕೈಗೆ ಲ್ಯಾಪ್‌ಟಾಪ್ ಕೊಡುವಾಗ ಅವರು, "ಫೋಟೋ, ವಿಡಿಯೋ ಎಲ್ಲಾ ಹಳೆ ಡಿಸ್ಕಿಗೆ ಹಾಕ್ಕೊಳ್ಳಿ ಮೇಡಂ, ಸಿ ಡ್ರೈವ್ ಖಾಲಿ ಇರಲಿ" ಅಂದರು. ಅವಳು ಹಾಗೇ ಮಾಡಿದಳು. ಮಕ್ಕಳ ಫೋಟೋಗಳು, ಅಪ್ಪ ಹಾಡಿದ್ದ ರೆಕಾರ್ಡಿಂಗ್‌ಗಳು, ಎಲ್ಲವನ್ನೂ ಎಸ್‌ಎಸ್‌ಡಿಯಿಂದ ಕಟ್ ಮಾಡಿ ಹಳೆ ಡಿಸ್ಕಿಗೆ ಪೇಸ್ಟ್. ಬೇರೆ ಕಾಪಿ ಇರಲಿಲ್ಲ.

ಕೆಲವು ತಿಂಗಳು ಚೆನ್ನಾಗಿಯೇ ನಡೆಯಿತು. ಆಮೇಲೊಂದು ದಿನ ಕಪ್ಪು ಪರದೆಯ ಮೇಲೆ "ಬೂಟ್ ಡಿವೈಸ್ ಸಿಗುತ್ತಿಲ್ಲ" ಎಂಬ ಒಂದು ಸಾಲು. ಎಸ್‌ಎಸ್‌ಡಿ ಸತ್ತಿದೆ, ಹೊಸದು ಹಾಕಬೇಕು ಎಂಬ ಉತ್ತರ ಸರ್ವಿಸ್‌ನವರಿಂದ ಫೋನಿನಲ್ಲೇ ಬಂತು. ನಾನು ಲಿನಕ್ಸ್ ಇದ್ದ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ನೋಡಿದೆ. ಎಸ್‌ಎಸ್‌ಡಿಯ ಆರೋಗ್ಯ ಸರಿಯಿತ್ತು, ಸಿ ಡ್ರೈವಿನ ಫೈಲ್‌ಗಳೆಲ್ಲ ಇದ್ದಲ್ಲೇ ಇದ್ದವು. ಇಎಫ್‌ಐ ಪಾರ್ಟಿಷನ್ ಮಾತ್ರ ಅದರಲ್ಲಿ ಇಲ್ಲವೇ ಇಲ್ಲ. ಕ್ಯಾಡಿಯ ಜಾಗಕ್ಕೆ ಕಿವಿ ಇಟ್ಟರೆ ಟಿಕ್, ಟಿಕ್, ಸ್ವಲ್ಪ ಹೊತ್ತು ಸದ್ದಿಲ್ಲ, ಮತ್ತೆ ಟಿಕ್. ಹಳೆ ಡಿಸ್ಕ್ ಒಮ್ಮೆ ಕಾಣಿಸುವುದು, ಒಮ್ಮೆ ಮಾಯವಾಗುವುದು.

ಕಾಣಿಸಿದಾಗ ಅದರ ಸ್ಮಾರ್ಟ್ ಮಾಹಿತಿ ತೆಗೆದೆ. ಪ್ರತಿ ಹಾರ್ಡ್ ಡಿಸ್ಕೂ ತನ್ನ ಆರೋಗ್ಯದ ಲೆಕ್ಕ ತಾನೇ ಬರೆದಿಟ್ಟುಕೊಳ್ಳುತ್ತದೆ. ಅದರಲ್ಲಿ 05 ಎಂಬ ಸಾಲು ಕೆಟ್ಟುಹೋಗಿ ಬದಲಿ ಜಾಗಕ್ಕೆ ಹೋದ ಸೆಕ್ಟರ್‌ಗಳದ್ದು (ಸೆಕ್ಟರ್ ಎಂದರೆ ಡಿಸ್ಕಿನಲ್ಲಿ ಮಾಹಿತಿ ಬರೆಯುವ ಸಣ್ಣ ತುಣುಕು). ಸಿ5 ಎಂಬುದು ಓದಲು ಆಗದೆ ಬಾಕಿ ಬಿದ್ದಿರುವ ಸೆಕ್ಟರ್‌ಗಳದ್ದು. ಸೊನ್ನೆ ಇರಬೇಕಾದ ಈ ಎರಡೂ ಸಾಲುಗಳಲ್ಲಿ ನೂರಾರು ಇತ್ತು. ಎಸ್‌ಎಸ್‌ಡಿ ಹಾಕುವ ಮೊದಲೇ ಲ್ಯಾಪ್‌ಟಾಪ್ ಅಷ್ಟು ನಿಧಾನವಾಗಿದ್ದಕ್ಕೆ ಬರೀ ವಯಸ್ಸು ಕಾರಣವೋ, ಡಿಸ್ಕ್ ಆಗಲೇ ಕೆಡುತ್ತಿತ್ತೋ ಎಂದು ಆವತ್ತೇ ನೋಡಬಹುದಿತ್ತು. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ಸಾಫ್ಟ್‌ವೇರ್ ತೆರೆದರೆ ಸಾಕು, ಇಂಥ ಡಿಸ್ಕಿಗೆ ಹಳದಿ ಬಣ್ಣದಲ್ಲಿ ಎಚ್ಚರಿಕೆ ತೋರಿಸುತ್ತದೆ. ಅಷ್ಟನ್ನೂ ನೋಡದೆ, ಇರುವುದನ್ನೆಲ್ಲ ಇದರಲ್ಲೇ ಇಡಿ ಎಂದು ಹೇಳಿ ಕಳಿಸಿದ್ದು ನನಗೆ ಇವತ್ತಿಗೂ ಸಹಿಸಲಾಗುತ್ತಿಲ್ಲ.

ಎಸ್‌ಎಸ್‌ಡಿಯಿಂದ ಅಳಿಸಿದ್ದನ್ನಾದರೂ ರಿಕವರಿ ಸಾಫ್ಟ್‌ವೇರ್ ಹಾಕಿ ತೆಗೆಯೋಣವೆಂದರೆ, ಅದೂ ಆಗಲಿಲ್ಲ. ಹಾರ್ಡ್ ಡಿಸ್ಕಿನಲ್ಲಿ ಅಳಿಸಿದ ಫೈಲ್, ಅದರ ಮೇಲೆ ಬೇರೇನಾದರೂ ಬರೆಯುವವರೆಗೆ ಸಾಮಾನ್ಯವಾಗಿ ಉಳಿದಿರುತ್ತದೆ. ಎಸ್‌ಎಸ್‌ಡಿಯಲ್ಲಿ ಟ್ರಿಮ್ ಎಂಬ ವ್ಯವಸ್ಥೆ ಇದೆ: ಈ ಜಾಗ ಇನ್ನು ಬೇಡ ಎಂದು ವಿಂಡೋಸ್ ತಿಳಿಸುತ್ತದೆ, ಎಸ್‌ಎಸ್‌ಡಿ ತನ್ನ ಪಾಡಿಗೆ ಅದನ್ನು ಸ್ವಚ್ಛ ಮಾಡಿಬಿಡುತ್ತದೆ. ಕೊನೆಗೆ ಡಿಡಿರೆಸ್ಕ್ಯೂ ಎಂಬ, ಕೆಡುತ್ತಿರುವ ಡಿಸ್ಕಿನಿಂದ ಕಾಪಿ ತೆಗೆಯುವ ಸಾಫ್ಟ್‌ವೇರ್ ಬಳಸಿ ಹಳೆ ಡಿಸ್ಕನ್ನೇ ಇನ್ನೊಂದು ಡಿಸ್ಕಿಗೆ ಇಳಿಸಿಕೊಂಡೆ. ಅದು ಚೆನ್ನಾಗಿರುವ ಭಾಗವನ್ನು ಮೊದಲು ಓದಿ, ಕೆಟ್ಟ ಭಾಗಕ್ಕೆ ಆಮೇಲೆ ವಾಪಸ್ ಬರುತ್ತದೆ. ಫೋಟೋಗಳು ಬಹುಪಾಲು ಬಂದವು. ಅಪ್ಪನ ರೆಕಾರ್ಡಿಂಗ್‌ಗಳಲ್ಲಿ ಕೆಲವು ಅರ್ಧಕ್ಕೇ ನಿಂತುಹೋಗುತ್ತವೆ.

ನಿಮ್ಮದು ಹೇಗಿದೆ ಎಂದು ಈಗಲೇ ನೋಡಿಕೊಳ್ಳಿ. ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆಯಿರಿ. ಕೆಳಗೆ ಒಂದೊಂದು ಡಿಸ್ಕಿಗೆ ಒಂದೊಂದು ಸಾಲು ಇರುತ್ತದೆ. ಸಿ ಡ್ರೈವ್ ಇರುವ ಸಾಲಿನಲ್ಲೇ ಇಎಫ್‌ಐ ಸಿಸ್ಟಮ್ ಪಾರ್ಟಿಷನ್ ಕೂಡ ಇರಬೇಕು. ಹಳೆಯ ಲ್ಯಾಪ್‌ಟಾಪ್ ಆದರೆ ಅದರ ಬದಲು ಸಿಸ್ಟಮ್ ರಿಸರ್ವ್ಡ್ ಎಂದಿರಬಹುದು. ಅದು ಹಳೆ ಡಿಸ್ಕಿನ ಸಾಲಿನಲ್ಲಿ ಮಾತ್ರ ಇದ್ದರೆ ಆ ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಡಿ, ಬಿಚ್ಚಿ ಯುಎಸ್‌ಬಿ ಕೇಸಿಗೂ ಹಾಕಬೇಡಿ. ಮೊದಲು ಅದರಲ್ಲಿರುವ ಫೈಲ್‌ಗಳ ಇನ್ನೊಂದು ಕಾಪಿ ಬೇರೆ ಕಡೆ ಮಾಡಿ. ಆಮೇಲೆ, ಇಎಫ್‌ಐ ಬಳಸುವ ಲ್ಯಾಪ್‌ಟಾಪ್ ಆದರೆ, ಎಸ್‌ಎಸ್‌ಡಿಯಲ್ಲಿ ಸ್ವಲ್ಪ ಜಾಗ ಬಿಡಿಸಿ, ಇಎಫ್‌ಐ ಪಾರ್ಟಿಷನ್ ಮಾಡಿ, ಬಿಸಿಡಿಬೂಟ್ ಎಂಬ ಕಮಾಂಡ್‌ನಿಂದ ಬೂಟ್ ಫೈಲ್‌ಗಳನ್ನು ಅಲ್ಲಿ ಬರೆಸಬಹುದು. ಅಕ್ಕನ ಲ್ಯಾಪ್‌ಟಾಪ್ ಎದ್ದದ್ದು ಇದರಿಂದಲೇ, ಹೊಸ ಎಸ್‌ಎಸ್‌ಡಿ ಬೇಕಾಗಲಿಲ್ಲ. ಕೈಹಾಕುವ ಮೊದಲು, ಡಿಸ್ಕಿನಲ್ಲಿರುವುದನ್ನು ಬೀಗ ಹಾಕಿದಂತೆ ಕಾಪಾಡುವ ಬಿಟ್‌ಲಾಕರ್ ಅಥವಾ ಡಿವೈಸ್ ಎನ್‌ಕ್ರಿಪ್ಷನ್ ಆನ್ ಇದೆಯೇ ನೋಡಿ. ಇದ್ದರೆ 48 ಅಂಕಿಯ ರಿಕವರಿ ಕೀ ಕಾಗದದ ಮೇಲೆ ಬರೆದಿಟ್ಟುಕೊಳ್ಳಿ, ಬೂಟ್ ವ್ಯವಸ್ಥೆ ಬದಲಾದಾಗ ಅದನ್ನು ಕೇಳುವ ಸಾಧ್ಯತೆ ಇದೆ.

ಇನ್ನೂ ಹಾಕಿಸಬೇಕಿರುವವರು ಸರ್ವಿಸ್‌ನವರಿಗೆ ಮೊದಲೇ ಹೇಳಿ: ಹಳೆ ಡಿಸ್ಕ್ ಪೂರ್ತಿ ಬಿಚ್ಚಿಟ್ಟು ವಿಂಡೋಸ್ ಹಾಕಿ, ಎಸ್‌ಎಸ್‌ಡಿ ಒಂದೇ ಇದ್ದಾಗ ಆನ್ ಮಾಡಿ ತೋರಿಸಿ, ಹಳೆ ಡಿಸ್ಕಿನ 05, ಸಿ5 ಸಾಲುಗಳನ್ನೂ ತೋರಿಸಿ. ಎರಡೂ ಸೊನ್ನೆ ಇದ್ದರೆ ಹಳೆ ಡಿಸ್ಕಿನಲ್ಲಿ ಎರಡನೇ ಕಾಪಿ ಇಡಿ, ಇರುವ ಒಂದೇ ಕಾಪಿಯನ್ನಲ್ಲ. ಸೊನ್ನೆ ಇಲ್ಲದಿದ್ದರೆ ಅದನ್ನು ಮತ್ತೆ ಲ್ಯಾಪ್‌ಟಾಪ್ ಒಳಗೆ ಹಾಕಿಸಲೇಬೇಡಿ.