ಕೀಟ್ಸ್‌ನ ‘ಟು ಆಟಮ್’ಗೆ ಜೆರಾಕ್ಸ್ ನೋಟ್ಸ್: 40 ರೂಪಾಯಿಗೆ ಏನು ಸಿಗುತ್ತದೆ?

ಪರೀಕ್ಷೆ ಹತ್ತಿರ ಬಂತೆಂದರೆ ಶಿರಸಿಯ ಕಾಲೇಜುಗಳ ಆಸುಪಾಸಿನ ಜೆರಾಕ್ಸ್ ಅಂಗಡಿಗಳಲ್ಲಿ ಬಿಸಿಬಿಸಿಯಾಗಿ ಖರ್ಚಾಗುವ ಸರಕು ಇದು. ಜಾನ್ ಕೀಟ್ಸ್‌ನ ಶರತ್ಕಾಲದ ಕವಿತೆಗೆ ಕನ್ನಡದಲ್ಲಿ ವಿವರಣೆ, 20 ಪುಟ, ಎರಡು ಸ್ಟೇಪ್ಲರ್ ಪಿನ್ನು. ಪದಾರ್ಥದಲ್ಲಿ ಮೋಸವಿಲ್ಲ. ಭಾವಾರ್ಥ ಮಾತ್ರ ಇಡೀ ಕವಿತೆಗೆ ಸೂತಕ ಹಿಡಿಸಿದೆ.

ಎಲೆ ಉದುರುವ ಕಾಲ, ಬಾಳಿನ ಮುಸ್ಸಂಜೆ, ಕ್ಷಯ ಹಿಡಿದ ಕವಿಯ ವಿದಾಯ ಎಂದು ಮೊದಲ ಪುಟದಲ್ಲೇ ಷರಾ ಬರೆದಿದ್ದಾರೆ. ಕವಿತೆಯ 33 ಸಾಲು ತಡಕಿದರೂ ಒಂದೇ ಒಂದು ಎಲೆ ಉದುರುವುದಿಲ್ಲ. ಇರುವುದು ಕಾಯಿಯ ಭಾರಕ್ಕೆ ಬಾಗಿದ ಸೇಬಿನ ಮರ, ಉಬ್ಬುವ ಸೋರೆ, ತಿರುಳು ತುಂಬುವ ಹೇಜಲ್ ಕಾಯಿ, ತುಪ್ಪ ಉಕ್ಕಿ ಅಂಟಂಟಾದ ಜೇನಿನ ಎರಿ. ಇಸವಿಯೂ ಕೂಡಿಬರುವುದಿಲ್ಲ. ಕವಿತೆ ಬರೆದದ್ದು 1819ರ ಸೆಪ್ಟೆಂಬರ್ 19ರಂದು, ವಿಂಚೆಸ್ಟರ್‌ನಲ್ಲಿ. ಕೀಟ್ಸ್ ರಕ್ತ ಕಾರಿದ್ದು 1820ರ ಫೆಬ್ರವರಿಯಲ್ಲಿ. ಕವಿತೆ ಬರೆದ ಎರಡೇ ದಿನಕ್ಕೆ ಗೆಳೆಯ ರೆನಾಲ್ಡ್ಸ್‌ಗೆ ಹಾಕಿದ ಪತ್ರದಲ್ಲಿ, ಕೂಳೆ ನಿಂತ ಹೊಲ ಬೆಚ್ಚಗೆ ಕಾಣುತ್ತದೆ, ವಸಂತದ ತಣ್ಣನೆಯ ಹಸಿರಿಗಿಂತ ಅದೇ ಇಷ್ಟ ಎಂಬರ್ಥದ ಮಾತಿದೆ.

ನಮ್ಮ ಸೀಮೆಯ ಮಕ್ಕಳಿಗೆ ಇದನ್ನು ತಿಳಿಸಲು ಭೂಮಿ ಹುಣ್ಣಿಮೆ ಸಾಕಿತ್ತು. ತೆನೆ ತುಂಬಿದ ಗದ್ದೆಯನ್ನು ಬಸುರಿ ಎಂದು ಬಗೆದು ಚರಗ ಬೀರುವ ಹೊತ್ತದು, ಕೊಯ್ಲು ಇನ್ನೂ ಮುಂದಿದೆ. ಮೊದಲ ಚರಣ ನಿಂತಿರುವುದೂ ಅಲ್ಲೇ. ಕನ್ನಡದಲ್ಲಿ ನೋಟ್ಸ್ ಬರೆಯುವವರಿಗೆ ಇದು ಹೊಳೆಯದೇ ಹೋದದ್ದು ಸೋಜಿಗ.

ಓದುವವರು ಎಡವುವುದು ವ್ಯಾಕರಣದಲ್ಲಿ. ಮೊದಲ ಚರಣದ 11 ಸಾಲಿಗೂ ಪ್ರಧಾನ ಕ್ರಿಯಾಪದವೇ ಇಲ್ಲ. ಋತುವನ್ನು ಕರೆದು, ಅದು ಸೂರ್ಯನ ಜೊತೆ ಸೇರಿ ಏನೇನು ಹವಣಿಸುತ್ತಿದೆ ಎಂಬುದನ್ನು ಒಂದರ ಮೇಲೊಂದು ಹೇರುತ್ತ ಹೋಗುವುದಷ್ಟೆ. ನೋಟ್ಸ್ ಅನ್ವಯ ಮಾಡಲು ಹೋಗಿ ಇಲ್ಲದ ಕ್ರಿಯಾಪದ ತುರುಕಿದೆ, ಆ ಭಾಗ ಬಿಟ್ಟುಬಿಡಿ. ‘ಲೋಡ್’, ‘ಬೆಂಡ್’, ‘ಫಿಲ್’, ‘ಸ್ವೆಲ್’ ಈ ನಾಲ್ಕರ ಕೆಳಗೆ ಗೆರೆ ಎಳೆದು ಓದಿ. ನಾಲ್ಕೂ ತುಂಬುವ, ತೂಗುವ ಕೆಲಸಗಳೇ. ಚರಣ ತಾನಾಗಿ ಬಿಚ್ಚಿಕೊಳ್ಳುತ್ತದೆ.

ಎರಡನೇ ಚರಣಕ್ಕೆ ಮಾತ್ರ ಕೊಟ್ಟ ಕಾಸಿಗೆ ಮೋಸವಿಲ್ಲ. ಇಲ್ಲಿ ಋತು ಮನುಷ್ಯರೂಪದಲ್ಲಿದೆ: ಕಣಜದಲ್ಲಿ ಕೂತರೆ ತೂರುವ ಗಾಳಿಗೆ ಕೂದಲು ಹಾರುತ್ತದೆ, ಗಸಗಸೆ ಹೂವಿನ ಮತ್ತಿಗೆ ಅರ್ಧ ಕೊಯ್ದ ಸಾಲಿನಲ್ಲೇ ನಿದ್ದೆ, ಹಕ್ಕಲು ಆಯ್ದು ತಲೆಹೊರೆ ಅಲುಗದಂತೆ ಹಳ್ಳ ದಾಟುವುದು, ಸೇಬಿನ ರಸ ಹಿಂಡುವ ಗಾಣದ ಪಕ್ಕ ಕೊನೆಯ ತೊಟ್ಟಿನವರೆಗೂ ಕಾಯುವುದು. ನಾಲ್ಕಕ್ಕೂ ಕೈಯಲ್ಲಿ ಬರೆದ ಗೆರೆಚಿತ್ರವಿದೆ. ನಿದ್ದೆ ಹತ್ತಿದ್ದರಿಂದ ಕುಡುಗೋಲಿನ ಮುಂದಿನ ಪೈರೂ ಅದಕ್ಕೆ ಹೆಣೆದುಕೊಂಡ ಹೂವೂ ಉಳಿಯಿತು ಎಂಬುದನ್ನು ಬಿಡಿಸಿ ಹೇಳಿದ್ದಾರೆ, ಭೇಷ್.

ಪ್ರಾಸದ ಪಟ್ಟಿ ತಪ್ಪು. (ಸಾಲಿನ ಕೊನೆಯ ಪ್ರಾಸವನ್ನು ಅಕ್ಷರಗಳಲ್ಲಿ ಗುರುತಿಸುವ ಪಟ್ಟಿ ಇದು, ಒಂದೇ ಅಕ್ಷರ ಬಿದ್ದ ಸಾಲುಗಳು ಒಂದಕ್ಕೊಂದು ಪ್ರಾಸ.) ಮೊದಲ ಚರಣದ ‘ಎಬಿಎಬಿ ಸಿಡಿಇಡಿಸಿಸಿಇ’ಯನ್ನೇ ಮೂರಕ್ಕೂ ಹಚ್ಚಿದ್ದಾರೆ. ಉಳಿದೆರಡರಲ್ಲಿ ಎರಡನೇ ಭಾಗ ‘ಸಿಡಿಇಸಿಡಿಡಿಇ’. ಮೂರರಲ್ಲೂ 9 ಮತ್ತು 10ನೇ ಸಾಲು ಜೋಡಿಪ್ರಾಸ, 11ನೆಯದು 7ನೆಯದಕ್ಕೆ ಕೂಡುತ್ತದೆ. ಜೋಡಿ ಬಂತು, ಮುಗಿಯಿತು ಅನ್ನುವಷ್ಟರಲ್ಲಿ ಇನ್ನೊಂದು ಸಾಲು. ಗ್ರೀಕ್ ಕಲಶ, ನೈಟಿಂಗೇಲ್ ಕುರಿತ ಕೀಟ್ಸ್‌ನದೇ ಓಡ್‌ಗಳಲ್ಲಿ (ಒಂದನ್ನು ಸಂಬೋಧಿಸಿ ಬರೆದ ಕವಿತೆಗಳಲ್ಲಿ) ಚರಣಕ್ಕೆ ಹತ್ತೇ ಸಾಲು. ಈ ಹೆಚ್ಚಿನ ಸಾಲಿನ ಬಗ್ಗೆ ನೋಟ್ಸ್‌ನಲ್ಲಿ ಚಕಾರವಿಲ್ಲ.

ಸಾವಿನ ಮಾತಿಗೆ ಏನಾದರೂ ಆಧಾರವಿದ್ದರೆ ಮೂರನೇ ಚರಣದಲ್ಲಿ: ಮೆಲ್ಲಗೆ ಸಾಯುವ ಹಗಲು, ಶೋಕಿಸುವ ನುಸಿ. ಆದರೆ ಅಲ್ಲೇ ಬೆಳೆದ ಕುರಿಮರಿ ಅರಚುತ್ತದೆ, ರಾಬಿನ್ ಸಿಳ್ಳೆ ಹಾಕುತ್ತದೆ. ಕೊನೆಗೆ ಗುಂಪುಗೂಡುವ ಸ್ವಾಲೋ ಹಕ್ಕಿಗಳನ್ನು ‘ಅಗಲಿಕೆ’ ಎಂಬ ಒಂದೇ ಪದದಲ್ಲಿ ಮುಗಿಸಿದ್ದಾರೆ. ಅವು ಆಫ್ರಿಕಾಕ್ಕೆ ಹೊರಟವು. ಅದೇ ಜಾತಿಯ ಹಕ್ಕಿ ಬೇರೆ ಉತ್ತರದ ಸೀಮೆಗಳಿಂದ ಚಳಿಗಾಲಕ್ಕೆ ನಮ್ಮ ಕಾರವಾರ, ಕುಮಟಾ ಕಡೆ ಬಂದು ಕರೆಂಟ್ ತಂತಿಯ ಮೇಲೆ ಸಾಲುಗಟ್ಟುತ್ತದೆ.

ಕೊಳ್ಳುವುದಾದರೆ ಮೂಲ ಕವಿತೆಯಿರುವ ಕೊನೆಯ ಪುಟವನ್ನು ಅಂಗಡಿಯಲ್ಲೇ ತೆರೆದು ನೋಡಿ. ಹಲವು ಪ್ರತಿಗಳಲ್ಲಿ ಹಾಳೆ ಓರೆಯಾಗಿ ಬಲಗಡೆಯ ಅಂಚು ಹಾರಿಹೋಗಿದೆ, ಪ್ರಾಸಪದಗಳೆಲ್ಲ ಇರುವುದು ಅಲ್ಲೇ. ಹಾಗಿದ್ದರೆ ಬೇರೆ ಪ್ರತಿ ಕೇಳಿ, ಕೊಡುತ್ತಾರೆ.